ಹನ್ನೊಂದು ತೆಂಗಿನ ಮರದ ಜಾಮೀನು

ಇಲ್ಲ ಕಣೇ ಚೈತ್ರಾ, ಜೈಲಿಗೆ ಹೋಗ್ಲಿಲ್ಲ, ಹೋಗೋದ್ರಲ್ಲಿದ್ದೆ, ಅದೂ ಏನೋ ದೊಡ್ಡ ಹೋರಾಟ ಮಾಡಿ ಅಲ್ಲ, ಬಸ್ಸಲ್ಲಿ ನಿದ್ದೆ ಮಾಡಿ. ನಗ್ಬೇಡ. ಆಯಿಷಾ, ನೀನೂ ನಗ್ತೀಯಲ್ಲ, ಖಾಲಾ, ಚಿಕ್ಕಮ್ಮ ಅನ್ನೋ ಮರ್ಯಾದೆ ಬೇಡ್ವಾ? ನಂಗಿನ್ನೂ ನಲವತ್ತೇಳು, ನೀವಿಬ್ರೂ ಸೇರಿ ನನ್ನನ್ನ ಹಳೇ ಕಾಲದ ಮುದುಕಿ ಥರ ಮೆಟ್ಟಿಲ ಮೇಲೆ ಕೂರಿಸ್ಕೊಂಡು ಕಥೆ ಹೇಳು ಅಂತೀರ. ಹೇಳ್ತೀನಿ, ಆದ್ರೆ ಆ ಅವರೆಕಾಯಿ ಈ ಕಡೆ ತಳ್ಳು, ಕೈಗೆ ಕೆಲಸ ಇಲ್ದಿದ್ರೆ ನಂಗೆ ಈ ಕಥೆ ಬರಲ್ಲ. ಯಾಕೆ ಅಂತ ಆಮೇಲೆ ಗೊತ್ತಾಗತ್ತೆ.

ಆಗ ನಂಗೆ ಇಪ್ಪತ್ಮೂರು. ಬಿ.ಎ. ಆಗಿತ್ತು, ಕೆಲಸ ಆಗಿರ್ಲಿಲ್ಲ. ತುಮಕೂರಿನ ಶೆಟ್ಟಿಹಳ್ಳೀಲಿ ಒಂದು ಸೈಕಲ್ ಶಾಪಿನ ಮೇಲೆ ಸಣ್ಣ ರೂಮು, ಅಲ್ಲಿ ನಾವು ನಾಲ್ಕು ಜನ ಹೆಂಗಸ್ರು ಕೂತು ಬೇರೆ ಹೆಂಗಸ್ರಿಗೆ ಅರ್ಜಿ ಬರ್ಕೊಡ್ತಿದ್ವಿ. ಸಂಘ ಅಂತಿದ್ವಿ, ಸಂಘಕ್ಕಿಂತ ಅದರ ಬೋರ್ಡು ದೊಡ್ಡದಿತ್ತು. ಒಂದಿನ ಶಾರದಾ ಅಂತ ಒಬ್ಬಳು ಮೆಟ್ಟಿಲು ಹತ್ತಿ ಬಂದ್ಲು, ಗುಬ್ಬಿ ಕಡೆ ಒಬ್ಬ ಮಿಲ್ ಸಾಹುಕಾರನ ಹೆಂಡ್ತಿ. ಎಡಗೈನ ಸೆರಗಲ್ಲಿ ಸುತ್ಕೊಂಡಿದ್ಲು. ಬಿಚ್ಚಿದ್ರೆ, ಬೇಡ ಬಿಡಿ, ನೀವು ಊಟ ಮಾಡ್ಬೇಕು ಇನ್ನೂ. ಡಾಕ್ಟ್ರಿಗೆ ತೋರ್ಸಿದ್ವಿ, ಒಂದು ವಾರ ಇಟ್ಕೊಂಡ್ವಿ, ಆಮೇಲೆ ಅವಳ ಚಿಕ್ಕಮ್ಮನ ಮನೆಗೆ ಬಿಟ್ವಿ. ಅಷ್ಟೇ ನಾವು ಮಾಡಿದ್ದು. ಸಾಹುಕಾರ ಏನು ಮಾಡ್ದ ಗೊತ್ತಾ? ನಸೀಮಾ ಬಾನು ಅನ್ನೋಳು ನನ್ನ ಮನೆಗೆ ನುಗ್ಗಿ ಹೆಂಡ್ತೀನ ಅಪಹರಣ ಮಾಡಿದಾಳೆ, ಜೊತೆಗೆ ಸರ ಕದ್ದಿದಾಳೆ ಅಂತ ಗುಬ್ಬೀಲಿ ಕೇಸು. ಅದು ಸಾಲ್ದು ಅಂತ ಕುಣಿಗಲ್ಲಲ್ಲಿ ಅವನ ಬಾವಮೈದುನನ ಕೈಲಿ ಇನ್ನೊಂದು, ಮಾನನಷ್ಟದ್ದು. ನಾನು ಮೀಟಿಂಗಲ್ಲಿ ಮಾತಾಡಿದ್ರಿಂದ ಅವರ ಮನೆತನದ ಮಾನ ಹೋಯ್ತಂತೆ. ಶಾರದಾನ ಕೈ ಸುಟ್ಟಾಗ ಹೋಗ್ದಿರೋ ಮಾನ, ನಾನು ಮೈಕ್ ಹಿಡಿದ ತಕ್ಷಣ ಹೋಗ್ಬಿಡ್ತು ನೋಡಿ! ಅವನು ನನ್ನ ಮೇಲೆ ಕೈ ಎತ್ಲಿಲ್ಲ, ಬಯ್ಲೂ ಇಲ್ಲ. ಅವನಿಗೆ ಕೋರ್ಟಿನ ತಾರೀಕು ಸಾಕಿತ್ತು. ತಿಂಗಳಿಗೊಂದು ಸಲ ಗುಬ್ಬಿ, ತಿಂಗಳಿಗೊಂದು ಸಲ ಕುಣಿಗಲ್ಲು, ನಾನು ಹೋಗ್ಬೇಕು, ಅಟೆಂಡರು ಮೂರು ಸಲ ಹೆಸರು ಕೂಗ್ತಾನೆ, ಕೈ ಕಟ್ಕೊಂಡು ನಿಲ್ಬೇಕು, ಮುಂದಿನ ತಾರೀಕು ಇಸ್ಕೊಂಡು ವಾಪಸ್ ಬರ್ಬೇಕು.

ಇದಕ್ಕೂ ಮೊದ್ಲು ಜಾಮೀನು ಆಗ್ಬೇಕಿತ್ತಲ್ಲ, ಅದು ಹೇಳ್ಲಿಲ್ಲ ನೋಡಿ. ಜಾಮೀನು ಅಂದ್ರೆ ಯಾರಾದ್ರೂ ತಮ್ಮ ಹೆಸರಿನ ಪಹಣಿ ತಂದು, ಇವಳು ಕೋರ್ಟಿಗೆ ಬರ್ತಾಳೆ, ಬರ್ದಿದ್ರೆ ನನ್ನ ಜಮೀನು ಮುಟ್ಟುಗೋಲು ಹಾಕ್ಕೊಳ್ಳಿ ಅಂತ ನಿಲ್ಬೇಕು. ನಮ್ಮ ಅಬ್ಬಾದು ಹಾಸಿಗೆ ಹೊಲಿಯೋ ಅಂಗಡಿ, ಅಂಗಡೀನೂ ಬಾಡಿಗೆ, ಮನೇನೂ ಬಾಡಿಗೆ. ಸಂಘದವರು ಮೂವರೂ ಮುಖ ಮುಖ ನೋಡ್ಕೊಂಡ್ರು. ಒಬ್ಬಳ ಗಂಡನಿಗೆ ನಾಲ್ಕೆಕರೆ, ಇನ್ನೊಬ್ಬಳ ಮಾವನಿಗೆ ಮನೆ, ಮೂರನೆಯವಳ ಅಣ್ಣನಿಗೆ ಸೈಟು. ಹೆಂಗಸ್ರ ಹಕ್ಕಿನ ಬಗ್ಗೆ ಎರಡು ವರ್ಷ ಭಾಷಣ ಮಾಡಿದ ನಾಲ್ಕು ಜನ ನಾವು, ನಮ್ಮ ಹೆಸರಲ್ಲಿ ಒಂದು ಗುಂಟೆ ಇರ್ಲಿಲ್ಲ. ನಗು ಬಂತು ಕಣೇ, ನಿಜವಾಗ್ಲೂ. ಅಷ್ಟರಲ್ಲಿ ಚೇಳೂರಿನ ಕೆಂಪಮ್ಮಜ್ಜಿ ಬಂದ್ಲು. ಗಂಡ ಸತ್ತ ಮೇಲೆ ಮೈದುನಂದಿರು ಅವಳ ತೋಟ ತಮ್ಮ ಹೆಸರಿಗೆ ಮಾಡ್ಕೊಳ್ಳೋಕೆ ಹೊರಟಿದ್ರು, ಅವಳಿಗೋಸ್ಕರ ನಾನು ತಾಲ್ಲೂಕಾಫೀಸಿಗೆ ಒಂದು ವರ್ಷ ಅಲೆದು ಖಾತೆ ಮಾಡಿಸಿದ್ದೆ. ಹನ್ನೊಂದು ತೆಂಗಿನ ಮರ, ಅಷ್ಟೇ ತೋಟ. ಆ ಪಹಣೀನ ಮಡಚಿ ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಕೊಂಡಿದ್ಲು. "ತಗಾ ಮಗ, ನೀನೇ ಮಾಡಿಸಿದ್ದಲ್ವಾ, ನಿನ್ಗೇ ಆಗ್ಲಿ ಬುಡು" ಅಂದ್ಲು.

ಅವತ್ತಿಂದ ಪ್ರತಿ ತಾರೀಕಿಗೂ ಅವಳು ಚೇಳೂರಿಂದ ಬಸ್ ಹತ್ತಿ ಗುಬ್ಬಿ ಕೋರ್ಟಿಗೆ ಬರೋಳು. ಬರೋ ಅವಶ್ಯಕತೆ ಇಲ್ಲ ಅಜ್ಜಿ ಅಂದ್ರೆ, "ನಮ್ಮ ತೋಟಕ್ಕೆ ತಾರೀಕು ಬಂದದೆ, ನಾ ಬರ್ದೆ ಇನ್ಯಾರು ಬಂದಾರು?" ಅನ್ನೋಳು. ಆ ಕೋರ್ಟಿನ ಜಗಲಿ ಇದೆಯಲ್ಲ, ನಂಗೆ ಈಗ್ಲೂ ಕಣ್ಣು ಮುಚ್ಚಿದ್ರೆ ಬರತ್ತೆ, ಹೊಂಗೆ ಮರದ ನೆರಳು ನೆಲದ ಮೇಲೆ ನೀರಿನ ಥರ ಅಲ್ಲಾಡ್ತಿರತ್ತೆ, ಒಳಗೆ ಟೈಪ್‌ರೈಟರು ಟಕ ಟಕ, ಗಂಟೆ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ, ಕೆಂಪಮ್ಮಜ್ಜಿ ಮಡಿಲಲ್ಲಿ ಅವರೆಕಾಯಿ ಸುರ್ಕೊಂಡು ಬಿಡಿಸ್ತಿರೋಳು. ಪಕ್ಕದಲ್ಲಿ ಕೂತೋರ ಕೈ ಸುಮ್ನಿರಲ್ಲ, ಅವರೂ ಒಂದು ಹಿಡಿ ತಗೊಳ್ಳೋರು. ಒಂದು ಸಲ ಕಾನ್‌ಸ್ಟೇಬಲ್ಲು, ಅವನು ಹಿಡ್ಕೊಂಡು ಬಂದಿದ್ದ ಕಳ್ಳ, ಇಬ್ರೂ ಎದುರುಬದುರು ಕೂತು ಬಿಡಿಸಿದ್ದು ನೋಡಿದೀನಿ. ಸಾಹುಕಾರನ ಕಡೆ ಗುಮಾಸ್ತ ಒಬ್ಬ ಬಂದು ಅಜ್ಜಿ ಪಕ್ಕ ಕುಕ್ಕರಗಾಲಲ್ಲಿ ಕೂರೋನು. "ಅಲ್ಲಜ್ಜಿ, ಸಾಬರ ಹುಡುಗಿಗೆ ತೋಟ ಒತ್ತೆ ಇಟ್ಟಿದೀಯಲ್ಲ, ಅವ್ಳು ಒಂದಿನ ಕೈ ಎತ್ತಿದ್ರೆ ನಿನ್ ಗತಿ? ಜಾಮೀನು ವಾಪಸ್ ತಗೋತೀನಿ ಅಂತ ಒಂದು ಹೆಬ್ಬೆಟ್ಟು ಒತ್ತು, ಸಾಕು." ಅಜ್ಜಿ ತನ್ನ ಹೆಬ್ಬೆಟ್ಟು ನೋಡ್ಕೊಂಡು, "ಸುಣ್ಣ ಮೆತ್ಕಂಡದೆ ಕಣ್ಲಾ, ನಾಳೆ ಬಾ" ಅನ್ನೋಳು. ಪ್ರತಿ ಸಲವೂ ಸುಣ್ಣ!

ಹಂಗೇ ಒಂದೂವರೆ ವರ್ಷ ಆಯ್ತು. ಒಂದು ತಾರೀಕಿಗೆ ನಂಗೆ ಜ್ವರ ಬಂದು ಹೋಗ್ಲಿಲ್ಲ, ನಮ್ಮ ಲಾಯರು ಅರ್ಜಿ ಹಾಕಿದ್ರು, ಗುಬ್ಬಿ ಜಡ್ಜು ಇದೇ ಕೊನೆ ಸಲ ಅಂದ್ರು. ಆಮೇಲೆ ನೋಡಿ, ಗುಬ್ಬೀಗೂ ಕುಣಿಗಲ್ಲಿಗೂ ಒಂದೇ ದಿನ ತಾರೀಕು ಬಿತ್ತು. ಸಾಹುಕಾರನ ವಕೀಲ ಕುಣಿಗಲ್ಲಲ್ಲಿ ಕೇಳಿ ತಗೊಂಡಿದ್ದ ದಿನ ಅದು. ಯಾವುದಕ್ಕೆ ಹೋಗ್ದಿದ್ರೂ ವಾರಂಟು, ಅದ್ರಲ್ಲಿ ಗುಬ್ಬಿ ತಪ್ಪಿದ್ರೆ ಅಜ್ಜಿ ತೋಟ. ಲಾಯರು ಹೇಳಿದ್ರು, "ನಮ್ಮ ಜೂನಿಯರ್ ಕುಣಿಗಲ್ಲಲ್ಲಿರ್ತಾನೆ, ಬೆಳಿಗ್ಗೆ ಅಲ್ಲಿ ಮುಖ ತೋರ್ಸಮ್ಮ. ಗುಬ್ಬೀಲಿ ನಾನಿರ್ತೀನಿ, ಮೂರು ಗಂಟೆ ತನಕ ಹೆಂಗೋ ತಳ್ತೀನಿ. ಆಮೇಲೆ ನನ್ನ ಕೈಲಿಲ್ಲ." ಕುಣಿಗಲ್ಲಲ್ಲಿ ಕೂಗಿದ್ರು, ನಿಂತೆ, ಓಡಿದೆ. ತುಮಕೂರಿಗೆ ಬಂದು ತಿಪಟೂರು ಬಸ್ ಹತ್ದೆ, ಅದು ಗುಬ್ಬಿ ಮೇಲೇ ಹೋಗೋದು. ಹಿಂದಿನ ರಾತ್ರಿ ಕಣ್ಣು ಮುಚ್ಚಿರ್ಲಿಲ್ಲ. ಕಿಟಕಿ ಪಕ್ಕ ಸೀಟು ಸಿಕ್ತು, ಬಿಸಿಲು ತೊಡೆ ಮೇಲೆ ಬೆಕ್ಕಿನ ಥರ ಮಲ್ಗಿತ್ತು. ಹಾಸಿಗೆ ಹೊಲಿಯೋನ ಮಗಳಿಗೆ ನಿದ್ದೆ ಬರೋಕೆ ಇನ್ನೇನು ಬೇಕು ಹೇಳು.

ಕನಸಲ್ಲಿ ಕೋರ್ಟು ಅಬ್ಬಾನ ಅಂಗಡಿ ಆಗಿತ್ತು. ಅಬ್ಬಾ ಬಿಲ್ಲು ಹಿಡಿದು ಹತ್ತಿ ಎಕ್ಕುತ್ತಿದಾರೆ, ಧುಂ ಧುಂ ಅಂತ, ಹತ್ತಿ ಎದ್ದು ಎದ್ದು ಜಡ್ಜ್ ಕುರ್ಚಿ ಮೇಲೆ, ಟೈಪ್‌ರೈಟರ್ ಮೇಲೆ, ಎಲ್ಲಾ ಕಡೆ ಮೆತ್ತಗೆ ಬೀಳ್ತಿದೆ. ಆ ಬಿಳೀ ಮಬ್ಬಲ್ಲಿ ಯಾರೋ ನಸೀಮಾ ಬಾನೂ ಅಂತ ಕೂಗ್ತಿದಾರೆ. ನಾನು ಬಂದೆ ಅನ್ನೋಕೆ ಬಾಯಿ ತೆಗೀತೀನಿ, ಬಾಯ್ತುಂಬಾ ಹತ್ತಿ. ಎಷ್ಟು ಸುಖವಾಗಿತ್ತು ಅಂದ್ರೆ, ಸುಳ್ಳು ಯಾಕೆ ಹೇಳ್ಲಿ, ಒಂದು ಕ್ಷಣ ಉತ್ತರ ಕೊಡೋದೇ ಬೇಡ ಅನ್ನಿಸ್ತು. ಕಂಡಕ್ಟರು ಭುಜದ ಹತ್ರ ಕಂಬಿ ಕುಟ್ಟಿದ. "ಏನಮ್ಮಾ, ಗುಬ್ಬಿ ಟಿಕೆಟ್ ತಗೊಂಡು ನಿಟ್ಟೂರು ನೋಡಕ್ ಬಂದ್ರಾ?" ನಿಟ್ಟೂರು! ಗುಬ್ಬಿ ದಾಟಿ ಎಷ್ಟೋ ದೂರ ಬಂದಿದ್ದೆ. ಇಳಿದೆ, ಆಗ್ಲೇ ಮೂರು ದಾಟಿತ್ತು, ವಾಪಸ್ ಬಸ್ಸಿಲ್ಲ, ಮೊಬೈಲು ಎಲ್ಲಿತ್ತು ಆಗ. ರಸ್ತೆ ಮಧ್ಯ ನಿಂತು ಕೈ ಅಡ್ಡ ಹಾಕ್ದೆ. ಒಂದು ಗಂಟೆ ಆದ್ಮೇಲೆ ತೆಂಗಿನ ನಾರು ತುಂಬಿದ್ದ ಟೆಂಪೋ ಒಂದು ನಿಲ್ತು.

ಈಗ ಹೇಳೋದು ನಾನು ಕಂಡಿದ್ದಲ್ಲ, ಲಾಯರು ಆಮೇಲೆ ಹತ್ತು ಸಲ ಆಡಿ ತೋರ್ಸಿದ್ದು. ಮೂರು ಗಂಟೆಗೆ ಕೂಗಿದ್ರಂತೆ, ನಾನಿಲ್ಲ. ಸಾಹುಕಾರನ ವಕೀಲ ಎದ್ದು, "ಸ್ವಾಮಿ, ಓಡಿ ಹೋಗಿದಾಳೆ, ವಾರಂಟ್ ಹೊರಡಿಸಿ, ಜಾಮೀನುದಾರಳಿಗೆ ನೋಟಿಸ್ ಕೊಡಿ" ಅಂದ್ನಂತೆ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕರೀದೇನೇ ಒಳಗೆ ಬಂದ್ಲಂತೆ, ಮಡಿಲಲ್ಲಿ ಅವರೆಕಾಯಿ ಸಮೇತ. "ಸ್ವಾಮೇರೆ, ಜಾಮೀನು ನಾನೇ." ಜಡ್ಜು, "ಅಜ್ಜಿ, ಆಕೆ ಬರ್ಲಿಲ್ಲ ಅಂದ್ರೆ ನಿಮ್ಮ ತೋಟಕ್ಕೆ ತೊಂದ್ರೆ, ಗೊತ್ತಾ?" ಅಂತ ಕೇಳಿದ್ರೆ, "ಗೊತ್ತು ಸ್ವಾಮಿ. ತಾವು ಎಷ್ಟೊತ್ತಿನ್ ಗಂಟ ಕೂತಿರ್ತೀರಿ?" ಅಂದ್ಲಂತೆ. ಜಡ್ಜು ಯಾಕೆ ಕೇಳ್ತಾಳೆ ಅಂತ ಗೊತ್ತಾಗ್ದೆ, "ಐದು ಗಂಟೆವರೆಗೆ" ಅಂದ್ರಂತೆ. "ಹಂಗಾರೆ ಐದ್ ಗಂಟೆಗ್ ಕೇಳಿ. ಈಗ್ಲೇ ಯಾಕ್ ಮರದ್ ಮಾತು? ಮರ ಏನ್ ತಪ್ಪು ಮಾಡವೆ? ಅವ್ಳು ಬರ್ದಿದ್ರೆ ನಾನಿವ್ನಿ, ನನ್ನೇ ಒಳಗ್ ಹಾಕಿ." ಕೋರ್ಟೆಲ್ಲಾ ನಕ್ತಂತೆ, ಜಡ್ಜು ಮಾತ್ರ ನಗ್ದೆ, "ಬೇರೆ ಕೇಸೆಲ್ಲಾ ಮುಗಿದ್ಮೇಲೆ ಮತ್ತೆ ಕೂಗಿ" ಅಂತ ಫೈಲು ಪಕ್ಕಕ್ಕಿಟ್ರಂತೆ.

ನಾನು ಹೋದಾಗ ಐದಕ್ಕೆ ಹತ್ತು ನಿಮಿಷ. ತಲೆ ತುಂಬಾ ನಾರು. "ಎಲ್ಲಮ್ಮಾ ಹೋಗಿದ್ದೆ?" ಅಂದ್ರು ಜಡ್ಜು. ಲಾಯರು ಕಣ್ಣಲ್ಲೇ ಬಸ್ ಕೆಟ್ಟೋಯ್ತು ಅನ್ನು ಅಂತಿದ್ರು. ನನ್ನ ಬಾಯಿಗೆ ಸುಳ್ಳು ಬರ್ಲಿಲ್ಲ. "ಬಸ್ಸಲ್ಲಿ ನಿದ್ದೆ ಬಂದ್ಬಿಡ್ತು ಸ್ವಾಮಿ, ನಿಟ್ಟೂರಿಗೆ ಹೋಗ್ಬಿಟ್ಟೆ." ಅವರು ಒಂದು ಗಳಿಗೆ ನನ್ನ ತಲೇನೇ ನೋಡಿ, "ಹಾಜರಿ ಬರ್ಕೊಳ್ಳಿ" ಅಂದ್ರು. ಅಷ್ಟೇ.

ಹೊರಗೆ ಬಂದು ಅಜ್ಜಿ ಕಾಲ ಹತ್ರ ಕೂತೆ. ಬಯ್ತಾಳೆ ಅಂದ್ಕೊಂಡೆ. ಅವಳು ತಲೆಯಿಂದ ಒಂದೊಂದೇ ನಾರು ತೆಗೆದು, "ನಿದ್ದೆ ಬಂತಾ ಮಗ? ಬರ್ಲಿ ಬುಡು, ಒಂದೂವರೆ ವರ್ಷ ಆಗಿತ್ತಲ್ವಾ" ಅಂದು ಒಂದು ಹಿಡಿ ಅವರೆಕಾಯಿ ನನ್ನ ಕೈಗೆ ಸುರಿದ್ಲು. ಅವಾಗ ಅತ್ತೆ ನೋಡಿ ನಾನು, ಆ ಗುಮಾಸ್ತನ ಎದುರಿಗೇ.

ಆಮೇಲೆ? ಆಮೇಲೇನು, ಇನ್ನೂ ನಾಲ್ಕು ವರ್ಷ ಎಳೆದ್ರು. ಕಡೇಲಿ ಶಾರದಾ ಕಟಕಟೆ ಹತ್ತಿ, "ನನ್ನ ಯಾರೂ ಕರ್ಕೊಂಡು ಹೋಗ್ಲಿಲ್ಲ, ನನ್ನ ಕಾಲೇ ಕರ್ಕೊಂಡು ಹೋಯ್ತು" ಅಂದ್ಲು, ಗುಬ್ಬಿ ಕೇಸು ಬಿತ್ತು. ಕುಣಿಗಲ್ಲಿಂದು ಅವರೇ ಕೈಬಿಟ್ರು, ಮಾನ ವಾಪಸ್ ಬಂತೇನೋ. ಆ ವರ್ಷಗಳಲ್ಲಿ ನಾನು ಎಂ.ಎ. ಮಾಡ್ಬಹುದಿತ್ತು, ಮದುವೆ ಆಗ್ಬಹುದಿತ್ತು, ಯಾವುದೂ ಆಗ್ಲಿಲ್ಲ. ಅವರೆಕಾಯಿ ಬಿಡಿಸೋದ್ರಲ್ಲಿ ಮಾತ್ರ ಈ ಸದಾಶಿವನಗರದಲ್ಲಿ ನನ್ನ ಮೀರ್ಸೋರಿಲ್ಲ. ಅಜ್ಜಿ ಪಹಣಿ ಬಿಡುಗಡೆ ಆದ ದಿನ ಅದನ್ನ ಮತ್ತೆ ಮಡಚಿ ಚೀಲಕ್ಕೆ ಹಾಕ್ಕೊಂಡು, ಮುಂದಿನ ತಾರೀಕು ಯಾವತ್ತು ಅಂತ ಕೇಳಿದ್ಲು.

ಅದಕ್ಕೇ ಹೇಳೋದು. ಕಷ್ಟದಲ್ಲಿ ನಿದ್ದೆ ಬಂದೇ ಬರತ್ತೆ, ಊರು ದಾಟಿ ಹೋಗಿರ್ತೀರ. ಆದ್ರೆ ಎಲ್ಲೋ ಒಂದು ಜಗಲಿ ಮೇಲೆ ಯಾರೋ ನಿಮ್ಮ ಹೆಸರಲ್ಲಿ ಕಾಯ್ತಾ ಕೂತಿರ್ತಾರೆ, ಅದನ್ನ ನೆನಪಿಟ್ಕೊಂಡು ಸಿಕ್ಕಿದ ಟೆಂಪೋ ಹತ್ತಿ ಬನ್ನಿ. ಆಯಿಷಾ, ಸಿಪ್ಪೆ ಜೊತೆ ಕಾಳೂ ಬಿಸಾಕ್ತಿದೀಯ, ಆರಿಸು.