ಸ್ಯಾಲರೀಡ್ ಅಂತ ಬರ್ದದ್ದು ಯಾರು?

ಹಲೋ... ಹಾಂ, ಹಲೋ, ಯಾರು ಮಾತಾಡುದು? ... ಬ್ಯಾಂಕಿಂದಲಾ? ವಡೋದರಾದ ನಂಬರ್ ಕಾಣ್ತಾ ಉಂಟು, ಮಾತಾಡುದು ಕನ್ನಡ... ಹೆಸರು ಹೇಳಿ ಮಾರಾಯ್ರೆ, ಯಾರು?

... ಓ, ಅಚ್ಯುತರಾಯ್ರಾ! ಸ್ವರ ಕೇಳಿದಾಗ್ಲೇ ಅನಿಸ್ತು. ನಮ್ಮ ಸ್ಯಾಟಲೈಟ್ ಏರಿಯಾದ ಬ್ರಾಂಚಿಂದ ಪ್ರಮೋಷನ್ ಆಗಿ ದೊಡ್ಡ ಆಫೀಸಿಗೆ ಹೋದ್ರಂತಲ್ಲ... ಹಾಂ, ನಿಮ್ಮ ಹೋಟೆಲ್ ದಾಮೋದರಣ್ಣನ ಹೆಂಡತಿ ಲಕ್ಷ್ಮಿಯೇ ಮಾತಾಡುದು. ಬೇಡ, ಅಕ್ಕ ಅನ್ಬೇಡಿ. ಅಕ್ಕ ಅಂತ ಕರ್ದವರು ಹೀಗೆ ಮಾಡುದಿಲ್ಲ.

... ಹೇಗಿದ್ದಾರಾ? ಹಾಗೇ ಇದ್ದಾರೆ. ಬಲಗೈ ಏಳುದಿಲ್ಲ, ಮಾತು ಬರುದಿಲ್ಲ. ಕಿವಿ ಚೆನ್ನಾಗಿ ಕೇಳ್ತದೆ, ತಲೆಯೂ ಸರಿ ಉಂಟು. ಇಲ್ಲೇ ಕಿಟಕಿ ಹತ್ರ ಕೂತಿದ್ದಾರೆ... ವಿಷಯಕ್ಕೆ ಬನ್ನಿ. ಆ ಕಾಗದದ್ದು ಅಲ್ವಾ?

... ಬಂತು, ಬಂತು, ಹೋದ ವಾರವೇ ಬಂತು. ಮಗಳು ಓದಿ ಹೇಳಿದ್ಲು. ಹನ್ನೊಂದು ಸಾವಿರದ ನಾನೂರು ಪರಿಹಾರ ಕೊಡ್ತೇವೆ, ಇನ್ನು ತಕರಾರಿಲ್ಲ ಅಂತ ಸಹಿ ಹಾಕಿ ಕಳ್ಸಿ. ಅಷ್ಟೇ ಅಲ್ವಾ? ... ದುಡ್ಡು ಕಡಿಮೆ ಆಯ್ತು ಅಂತ ನಾನು ಹೇಳ್ಲೇ ಇಲ್ವಲ್ಲ! ಮೂರನೇ ಸಾಲು ಓದಿದ್ದೀರಾ? ... ಈಗ ಓದಿ. ನಾನು ಕಾಯ್ತೇನೆ.

... ಹಾಂ, ಅದೇ. "ಗ್ರಾಹಕರು ತಮ್ಮ ಉದ್ಯೋಗದ ಬಗ್ಗೆ ತಪ್ಪು ಮಾಹಿತಿ ನೀಡಿದ್ದರೂ ಸಹ". ಅಂದ್ರೆ ಇವರು ಸುಳ್ಳು ಹೇಳಿದ್ದು, ಬ್ಯಾಂಕು ದೊಡ್ಡ ಮನಸ್ಸು ಮಾಡಿ ಮನ್ನಿಸಿದ್ದು. ಹೌದು ಅಂತ ಇವರ ಪರವಾಗಿ ನಾನು ಸಹಿ ಹಾಕ್ಬೇಕು!

... ಎಲ್ಲ ಕಾಗದದಲ್ಲೂ ಹಾಗೇ ಇರ್ತದಾ? ಆಯ್ತು, ಒಂದು ಕೇಳ್ತೇನೆ. ಕ್ರೆಡಿಟ್ ಕಾರ್ಡಿನ ಒಟ್ಟಿಗೆ ನೀವು ಮಾರಿದ ಆ ವಿಮೆ ಯಾರಿಗೆ? ... ಸಂಬಳಕ್ಕೆ ಇರುವವರಿಗೆ. ಕೆಲಸ ಹೋದ್ರೆ, ಕಾಯಿಲೆ ಬಿದ್ದು ಸಂಬಳ ನಿಂತ್ರೆ, ಕಾರ್ಡಿನ ಬಾಕಿ ವಿಮೆಯವರು ಕಟ್ತಾರೆ. ಸ್ವಂತ ಹೋಟೆಲಿನವರಿಗೆ ಅದು ಇಲ್ಲವೇ ಇಲ್ಲ. ಇವರು ಕಾಯಿಲೆ ಬಿದ್ದ ಮೇಲೆ ಕೇಳಿದ್ರೆ ವಿಮೆಯವರು ಅದನ್ನೇ ಹೇಳಿ ವಾಪಸ್ ಕಳ್ಸಿದ್ರು. ನಿಮಗೆ ಗೊತ್ತಿರ್ಲಿಲ್ವಾ? ... ಗೊತ್ತಿರ್ಲಿಲ್ವಾ ಅಂತ ಕೇಳ್ತಿದ್ದೇನೆ! ಇವರನ್ನು ಇವರದ್ದೇ ಹೋಟೆಲಿಂದ ತೆಗೆದು ಹಾಕುವವರು ಯಾರು, ನಾನಾ?

... ಸಹಿ ಇವರದ್ದೇ, ಇಲ್ಲ ಅಂದೆನಾ? ಬೆಳಿಗ್ಗೆ ಎಂಟೂವರೆಗೆ ಬಂದ್ರಿ ನೀವು, ಕಾಲಿಡಲಿಕ್ಕೆ ಜಾಗ ಇಲ್ಲದ ಹೊತ್ತಿಗೆ. ಇವರ ಕೈ ದೋಸೆ ಹಿಟ್ಟಲ್ಲಿತ್ತು. ಪೆನ್ಸಿಲ್ ಗುರುತು ಇದ್ದಲ್ಲಿ ಸಹಿ ಹಾಕಿ ದಾಮಣ್ಣ, ಉಳಿದದ್ದು ನಾನು ತುಂಬಿಸ್ತೇನೆ ಅಂದ್ರಿ. ಬೈರಾಸಿಗೆ ಕೈ ಒರೆಸಿ ಹಾಕಿದ್ರು. ಓದಿ ನೋಡಿ ಅಂದದ್ದಕ್ಕೆ ನನಗೇ ಬೈದ್ರು. ಕನ್ನಡ ಮಾತಾಡುವವರ ಹತ್ರ ಕಾಫಿಗೆ ದುಡ್ಡು ತಗೊಳ್ಳಿಕ್ಕಿಲ್ಲ, ಅವರು ತಂದ ಕಾಗದ ಓದ್ಲಿಕ್ಕಿಲ್ಲ, ಅದು ಇವರ ಕ್ರಮ. ಬೇರೆ ಯಾರಾದ್ರೂ ತಂದಿದ್ರೆ ಮೂರು ಸಲ ಓದಿಸ್ತಿದ್ರು.

... ಬರ್ದದ್ದು ಏಜೆಂಟಾ? ಏಜೆಂಟು ಯಾವಾಗ ಬಂದ ಇದ್ರಲ್ಲಿ? ... ರಾಯ್ರೆ, ಫಾರ್ಮಿನ ಪ್ರತಿ ನನ್ನ ಕೈಯಲ್ಲುಂಟು. ದೂರು ಕೊಟ್ಟ ಮೇಲೆ ನಿಮ್ಮ ಬ್ಯಾಂಕೇ ಕಳ್ಸಿದ್ದು. ಉದ್ಯೋಗದ ಎದುರು "ಸ್ಯಾಲರೀಡ್" ಅಂತ ಉಂಟು. ಆ ಅಕ್ಷರ ನನಗೆ ಗೊತ್ತಾಗುದಿಲ್ವಾ? ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಮಕ್ಕಳ ಸರ್ಟಿಫಿಕೇಟಿಗೆ ಹೆಸರು ಬರೀತಿದ್ದದ್ದು ನೀವೇ ಅಲ್ವಾ? ನಮ್ಮ ಮಗಳು ಪ್ರತೀಕ್ಷಾಂದು ಗೋಡೆಯಲ್ಲಿ ತೂಗ್ತಾ ಉಂಟು. ಎರಡನ್ನೂ ಹತ್ರ ಇಟ್ಟು ಫೋಟೊ ತೆಗ್ದಿದ್ದೇನೆ.

... ಹಾಂ? ಕೇಳ್ತಾ ಉಂಟಾ? ಇನ್ನೂ ಉಂಟು, ಕೇಳಿ. ಸಂಘದ ಫೋನ್ ಪುಸ್ತಕ ಹಿಡ್ಕೊಂಡು ಎರಡು ತಿಂಗಳು ಕೂತೆ. ನರೋಡಾದಲ್ಲಿ ಕ್ಯಾಂಟೀನ್ ನಡೆಸುವ ಪ್ರಮೋದ್, ಸ್ಯಾಲರೀಡ್. ಸೂರತ್ತಲ್ಲಿ, ಹಜೀರಾದ ಹತ್ರ ಮೆಸ್ ಇಟ್ಟ ಹರೀಶ್, ಅವನೂ ಸ್ಯಾಲರೀಡ್. ಒಟ್ಟು ಏಳು ಜನ. ಏಳೂ ಫಾರ್ಮು ತರಿಸಿದ್ದೇನೆ. ಎಲ್ಲ ನಮ್ಮವರೇ, ಎಲ್ಲ ನಿಮ್ಮ ಮುದ್ದಾದ ಅಕ್ಷರವೇ.

... ಬ್ಯಾಂಕಿನ ಮೇಲಿನ ದೂರು ಕೇಳುವ ಓಂಬುಡ್ಸ್‌ಮನ್‌ಗೆ ಹೋಗ್ಬಾರ್ದಾ? ಯಾಕೆ? ಮಗಳು ಎಲ್ಲ ಟೈಪ್ ಮಾಡಿಟ್ಟಿದ್ದಾಳೆ, ಕಳ್ಸುದೊಂದೇ ಬಾಕಿ... ನಿಮ್ಮ ಕೆಲಸ ಹೋಗ್ತದಾ? ಹೋಗ್ಲಿ. ನೀವು ಸಂಬಳದವರಲ್ವಾ? ಆ ವಿಮೆ ನಿಮಗೇ ಸರಿ, ಮಾಡಿಸ್ಕೊಳ್ಳಿ... ಅಳ್ಬೇಡಿ. ಅಳ್ಬೇಡಿ ಅಂದೆ. ಇವರಿಗೆ ಅಳ್ಲಿಕ್ಕೂ ಅರ್ಧ ಮುಖವೇ ಇರುದು ಈಗ.

... ಎಷ್ಟು? ಸ್ವಂತ ಕೈಯಿಂದ ಒಂದು ಲಕ್ಷವಾ? ಇಟ್ಕೊಳ್ಳಿ ನಿಮ್ಮ ಲಕ್ಷ. ನನ್ನ ಹೊಟ್ಟೆ ಉರಿ ಅದ್ರಲ್ಲಿ ಆರುದಿಲ್ಲ. ಆ ಮೂರನೇ ಸಾಲು ಕೇಳಿದ ದಿವಸದಿಂದ ಇವರು ಸರಿ ಊಟ ಮಾಡ್ಲಿಲ್ಲ, ಗೊತ್ತುಂಟಾ? ಮೂವತ್ತು ವರ್ಷ ಈ ಊರಲ್ಲಿ ಹೋಟೆಲ್ ನಡೆಸಿದ ಮನುಷ್ಯ, ಕೊನೆಗೆ ಸುಳ್ಳ ಅನ್ನಿಸ್ಕೊಂಡ್ರು. ನಾನಲ್ಲ ಅಂತ ಹೇಳ್ಲಿಕ್ಕೆ ನಾಲಿಗೆ ಇಲ್ಲ.

... ಏನು ಬೇಕಾದ್ರೂ ಮಾಡ್ತೀರಾ? ನಿಜವಾಗ್ಲೂ? ... ಹಾಗಾದ್ರೆ ಈಗ ಫೋನು ಇವರ ಕಿವಿಗೆ ಹಿಡೀತೇನೆ. "ದಾಮಣ್ಣ, ನೀವು ಸುಳ್ಳು ಹೇಳ್ಲಿಲ್ಲ, ಹಾಗೆ ಬರ್ದದ್ದು ನಾನು." ಅಷ್ಟು ಹೇಳಿ. ಹೇಳಿದ್ರೆ ದೂರಲ್ಲಿ ನಿಮ್ಮ ಹೆಸರು ಅಳಿಸಿ, ಬ್ಯಾಂಕಿನ ಮೇಲೆ ಮಾತ್ರ ಹಾಕ್ತೇನೆ... ಇಲ್ಲ ಮಾರಾಯ್ರೆ, ರೆಕಾರ್ಡ್ ಮಾಡ್ತಾ ಇಲ್ಲ. ಮಗಳ ಆಣೆ.

... ಹಾಂ, ಹಿಡ್ದೆ. ಹೇಳಿ.

... ಎಂತ ಇವ್ರೇ, ರಾಯ್ರು ಹೇಳಿದ್ರಾ? ... ಇಲ್ವಾ? ತಡೀರಿ, ನೀವು ತಲೆ ಆಡಿಸ್ಬೇಡಿ, ಇನ್ನೊಮ್ಮೆ ಹಿಡೀತೇನೆ. ರಾಯ್ರೆ, ಹೇಳಿ, ಕೇಳ್ತಾ ಇದ್ದಾರೆ. ನಾಲ್ಕು ಮಾತು... ಹಲೋ? ... ಹಲೋ?

... ಕಟ್ ಮಾಡಿದ.

ಪ್ರತೀಕ್ಷಾ, ಮೋಕ್ಲಿ ದೇ. ಹಾಂ, ಕಳ್ಸಿಬಿಡು. ಅವನ ಹೆಸರು ಎಲ್ಲಕ್ಕಿಂತ ಮೇಲೆ ಇರ್ಲಿ.