ಅಮ್ಮನ ದನಿಯ ಜಾಗ

ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾಯುತ್ತಿದ್ದ ದರ್ಜಿಯೊಬ್ಬನ ಪಕ್ಕದಲ್ಲೇ, ಲಿಫ್ಟಿನ ಮುಂದೆ, ಒಬ್ಬ ಹೆಂಗಸು ತಮ್ಮನ ಗಾಲಿಕುರ್ಚಿ ಹಿಡಿದು ನಿಂತಿದ್ದಳು. ಅವನ ತಲೆಗೆ ಸುತ್ತಿದ ಬ್ಯಾಂಡೇಜಿನಿಂದ ತೆಳು ತಂತಿಗಳು ಜಡೆಯಂತೆ ಇಳಿಬಿದ್ದಿದ್ದವು.

“ಮಿದುಳಲ್ಲಿ ಫಿಟ್ಸ್ ಶುರುವಾಗೋ ಜಾಗ ಸಿಕ್ತಲ್ಲೋ, ನಾಳೆ ಕತ್ತರಿಸಿ ತೆಗೀತಾರೆ. ಮುಖ ಯಾಕೆ ಹಾಗಿದೆ?”

“ಅಮ್ಮನ ದನಿ ಇರೋದೂ ಅಲ್ಲೇ ಅಕ್ಕ. ಫಿಟ್ಸ್ ಬರೋ ಮುಂಚೆ ಪ್ರತಿ ಸಲ ಕರೀತಾಳೆ. ನಿನ್ನೆ ಆ ತಂತಿಗೆ ಕರೆಂಟ್ ಬಿಟ್ಟಾಗ್ಲೂ ‘ಏಳೋ ಸೋಮಾರಿ’ ಅಂದ್ಲು.”

“ಅದು ಬರೀ ಕರೆಂಟು ಅಂದ್ರಲ್ಲ ಡಾಕ್ಟ್ರು.”

“ಇರಬಹುದು. ಬೈದಿದ್ದು ಮಾತ್ರ ಅವಳ ಥರಾನೇ.”

“ಮೊನ್ನೆ ಒಲೆ ಮೇಲೆ ಬಿದ್ಯಲ್ಲ. ಅಮ್ಮ ಹೋದ್ಲು, ನಿನ್ನನ್ನೂ ಕಳ್ಕೋಬೇಕಾ ನಾನು?”

“ಬೇಡ ಅಂದ್ನಾ? ತೆಗೀಲಿ.”

ಲಿಫ್ಟ್ ಬಂತು. ಅವಳು ಕುರ್ಚಿಯನ್ನು ಒಳಗೆ ತಳ್ಳಿದಳು.

“ಬೆಳಗಿನ ಮಾತ್ರೆ ಇನ್ನೂ ಕೈಯಲ್ಲೇ ಇದೆಯಲ್ಲೋ! ಫಿಟ್ಸ್ ಬಂದ್ರೆ?”

“ಬರ್ಲಿ ಅಕ್ಕ. ಇವತ್ತೊಂದ್ಸಲ ಬರ್ಲಿ.”

ಬಾಗಿಲು ಮುಚ್ಚುವವರೆಗೂ ಅಕ್ಕ ಅವನ ಮುಷ್ಟಿ ಬಿಡಿಸಲು ಹೋಗಲಿಲ್ಲ.