ಹನ್ನೊಂದು ಕಡ್ಡಿಯ ಆಂಟೆನಾ

…ಅಲ್ಲ ಅತ್ತಿಗೆ, ನಾನು ಆಗಲ್ಲ ಅಂದ್ನಾ? ಬಾಯಿಬಿಟ್ಟು ಆಗಲ್ಲ ಅಂತ ಹೇಳಿದ್ನಾ? ಇವತ್ತು ಗಾಳಿ ಜೋರು, ನಾಳೆ ತಾರಸಿ ಹತ್ತಿ ಆಂಟೆನಾ ಕಟ್ಟಿಕೊಡ್ತೀನಿ ಅಂದೆ, ಅಷ್ಟೇ. ಅದಕ್ಕೆ ಹಾಗೆ ದುರುಗುಟ್ಟಿ ನೋಡೋದಾ! ಗೊತ್ತು, ಗೊತ್ತು… ಈ ಪಾಂಬನ್‌ನಲ್ಲಿ ಗಾಳಿ ಇಲ್ಲದ ದಿನ ಯಾವುದಿದೆ ಇನ್ನಾಸಿ ಅಂತ ಕೇಳ್ತೀರಿ. ಸರಿ. ಹತ್ತುತ್ತೀನಿ. ಹತ್ತುತ್ತಾ ಇದ್ದೀನಿ ನೋಡಿ. ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ.

ಹಾಂ, ಈಗ ಕೊಡಿ ಮೇಲಕ್ಕೆ. ನಿಧಾನ… ಅಯ್ಯೋ, ಏನು ಉದ್ದ ಇದು! ಒಂದು, ಎರಡು, ಮೂರು… ಹನ್ನೊಂದು ಕಡ್ಡಿ! ಇದನ್ನ ರಾಮನಾಥಪುರದಿಂದ ಒಬ್ಬರೇ ತಂದ್ರಾ? ಬಸ್ಸಿನ ತಲೆ ಮೇಲೆ ಹಾಕಿಸಿಕೊಂಡು? ಕಂಡಕ್ಟರ್ ಸುಮ್ನೆ ಬಿಟ್ನಾ? ಇಷ್ಟು ದೊಡ್ಡ ಮೀನು ತಿಂದು ಮುಳ್ಳು ಮಾತ್ರ ಮನೆಗೆ ತಗೊಂಡು ಹೋಗ್ತಿದ್ದೀಯಲ್ಲಮ್ಮಾ ಅಂತ ಕೇಳಿರಬೇಕು… ನಗ್ತಿದ್ದೀರಾ? ನಗ್ತಿದ್ದೀರಿ! ಎಂಟು ತಿಂಗಳಾಯ್ತು ಅತ್ತಿಗೆ, ನಿಮ್ಮ ಹಲ್ಲು ಕಂಡು. ಸೆರಗು ಯಾಕೆ ಅಡ್ಡ ಹಿಡೀತೀರಿ, ನಗಿ, ನಗಿ.

ಆದ್ರೂ ಒಂದು ಮಾತು. ನಾನು ತಂದು ಕಟ್ಟಿದ ಐದು ಕಡ್ಡೀದಕ್ಕೆ ಏನಾಗಿತ್ತು? ಕೊಡೈಕನಾಲ್ ಟಿವಿ ಸ್ಟೇಷನ್ ಕನ್ನಡಿ ಹಾಗೆ ಬರ್ತಿತ್ತಲ್ಲ. ಭಾನುವಾರದ ಸಿನಿಮಾಕ್ಕೆ ನಿಮ್ಮ ಮಗಳು ಜೆಸಿಂತಾ ಊಟ ಮರೆತು ಕೂತಿರ್ತಿದ್ಲು… ಹೌದು. ಹೌದು, ಅದರಲ್ಲಿ ಲಂಕೆ ಟಿವಿ ಬರಲ್ಲ. ನಿಜ. ಲಂಕೆಗೆ ಉದ್ದ ಕಡ್ಡಿ ಬೇಕು ಅಂತ ನಿಮಗೆ ಹೇಳಿದ್ಯಾರು, ಎದುರುಮನೆ ಸೂಸೈನಾ? ಅವನಿಗೆ ಬಲೆ ಹೊಲಿಯೋಕೆ ಬರಲ್ಲ, ಆಂಟೆನಾ ಪಾಠ ಹೇಳ್ತಾನೆ! ಅಂಗಡಿಯವನು ನನಗೆ ಅದನ್ನ ಹೇಳಲೇ ಇಲ್ಲ ಅತ್ತಿಗೆ, ಚರ್ಚಿನ ಮಾತೆ ಮೇಲಾಣೆ. ಐದು ಕಡ್ಡಿ ಸಾಕು ಅಂದ, ನಾನು ತಂದೆ. ಆಮೇಲೆ ಬೂಸ್ಟರ್ ಹಾಕೋಣ ಅಂದ್ರಿ, ಹಾಕಿದೆ. ಅದು ಸುಟ್ಟುಹೋದರೆ ನಾನೇನು ಮಾಡ್ಲಿ? ಬೇಕು ಅಂತ ಸುಟ್ನಾ?

ಹಾಗೆ ನೋಡ್ಬೇಡಿ ಅಂದೆ.

ಸರಿ, ನೀವು ಒಳಗೆ ಹೋಗಿ ಟಿವಿ ಮುಂದೆ ನಿಲ್ಲಿ. ಕಿಟಕಿ ತೆಗೆದಿಡಿ. ಕೂಗಬೇಡಿ, ಈ ಗಾಳಿಗೆ ನಿಮ್ಮ ದನಿ ಸರಿಯಾಗಿ ಕೇಳಿಸಲ್ಲ, ಮೇಲಾಗಿ ಚರ್ಚಿನವರು ಮೈಕಿನಲ್ಲಿ ಜಪಮಾಲೆ ಹಾಕಿದ್ದಾರೆ. ಒಂದು ತಟ್ಟೆ ತಗೊಳ್ಳಿ, ಸೌಟು ತಗೊಳ್ಳಿ. ಚಿತ್ರ ಬಂದ್ರೆ ಒಂದು ಏಟು. ಬರದಿದ್ರೆ ಎರಡು. ಊರಲ್ಲಿ ಎಲ್ಲರೂ ಹೀಗೇ ಮಾಡೋದು. ಹೋಗಿ.

ಹೋದ್ರಾ?… ಹಾಂ.

ಈ ಗಳು ಸರಿ ಇದೆ. ಕಬ್ಬಿಣ ಹಾಕಿದ್ರೆ ವರ್ಷ ತುಂಬೋದ್ರೊಳಗೆ ಉಪ್ಪುಗಾಳಿ ತಿಂದುಬಿಡುತ್ತೆ, ಗಾಳಿಮರವೇ ವಾಸಿ. ಅಣ್ಣನೇ ಆರಿಸಿ ತಂದಿಟ್ಟಿದ್ದು. ಟಿವಿ ಬಂದ ದಿನ ನಾನೇ ಮೇಲೆ ಹತ್ತೋದು ಅಂತಿದ್ದ. ಟಿವಿ ಅಂದ್ರೆ ಪ್ರಾಣ ಆಗಿತ್ತು ಅವನಿಗೆ… ಆಗಿತ್ತು ಅಂದ್ರೆ… ಈಗಲೂ ಪ್ರಾಣಾನೇ. ಅಲ್ಲಿ ಲಂಕೆ ಜೈಲಲ್ಲಿ ಯಾರು ತೋರಿಸ್ತಾರೆ ಅಂತ ಹೇಳಿದೆ.

ಕಟ್ಟಿದೆ! ಈಗ? ಬಂತಾ?

ಎರಡು ಏಟು. ಇಲ್ಲ. ಸರಿ, ಸ್ವಲ್ಪ ತಿರುಗಿಸ್ತೀನಿ… ಈಗ? ಎರಡು. ಈಗ? ಎರಡು. ಸೊಳ್ಳೆ ಹಾರಾಡ್ತಿವೆಯಾ ಪರದೆ ತುಂಬಾ? ಅದೇ ಹೇಳಿದ್ನಲ್ಲ, ಈ ಕಾಲದಲ್ಲಿ ಲಂಕೆ ಹಿಡಿಯೋದು ಕಷ್ಟ. ಮಳೆ ಕಳೆದ ಮೇಲೆ ತಾನಾಗೇ ಬರುತ್ತೆ. ಇವತ್ತಿಗೆ ಬಿಟ್ಟುಬಿಡೋಣ…

ಯಾಕೆ ಹೊರಗೆ ಬಂದ್ರಿ? ಟಿವಿ ಯಾರು ನೋಡ್ತಾರೆ? ಕೈ ಯಾಕೆ ತೋರಿಸ್ತಿದ್ದೀರಿ, ಏನು, ಎತ್ತ ಕಡೆ?… ಓ. ಅದಾ. ಹೌದಲ್ಲ, ಇದು ಕೊಡೈ ಕಡೆಗೇ ತಿರುಗಿದೆ. ಲಂಕೆ ಈ ಕಡೆ. ಕೈ ಅಭ್ಯಾಸ ಅತ್ತಿಗೆ, ಇಷ್ಟು ದಿನ ಆ ಕಡೆಗೇ ಕಟ್ಟಿ ಕಟ್ಟಿ… ಹುಟ್ಟಿದಾಗಿನಿಂದ ಸಮುದ್ರದ ಮೇಲಿರೋನಿಗೆ ದಿಕ್ಕು ತಪ್ಪುತ್ತಾ ಅಂತೀರಾ? ತಪ್ಪುತ್ತೆ! ಮನುಷ್ಯನಲ್ವಾ ನಾನು!

ಅತ್ತಿಗೆ, ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಹದಿನಾಲ್ಕು ಜನರನ್ನ ಲಂಕೆಯವರು ಬಿಡ್ತಾರೆ, ಬಿಡೋಕೆ ಮುಂಚೆ ಇವತ್ತು ತಮಿಳು ಸುದ್ದಿಯಲ್ಲಿ ಸಾಲಾಗಿ ನಿಲ್ಲಿಸಿ ತೋರಿಸ್ತಾರೆ ಅಂತ ಫಾದರ್ ಹೇಳಿದ್ರು. ಸರಿ. ಬಿಟ್ಟೋರು ಇನ್ನೆರಡು ದಿನದಲ್ಲಿ ಈ ದಡಕ್ಕೇ ಬಂದಿಳೀತಾರಲ್ಲ? ಆಗಲೇ ನೋಡಬಹುದಲ್ಲ? ಇವತ್ತೇ ನೋಡ್ಬೇಕು ಅಂತ ಯಾಕೆ ಹಟ? ಸೂಸೈ ಮನೇಲಿ ಲಂಕೆ ಬರುತ್ತೆ, ಅಲ್ಲಿಗಾದ್ರೂ…

ಬೇಡ. ಬೇಡ, ತಪ್ಪಾಯ್ತು. ಅವರ ಜಗುಲೀಲಿ ನೀವು ಎಷ್ಟು ದಿನ ಕೂತಿಲ್ಲ! ಮೀನುಗಾರರ ಸುದ್ದಿ ಬಂದ ಕೂಡಲೇ ಎಲ್ಲರೂ ಟಿವಿ ಬಿಟ್ಟು ನಿಮ್ಮ ಮುಖ ನೋಡ್ತಿದ್ರು. ನಾನೂ ನೋಡಿದ್ದೀನಿ. ಜ್ಞಾನಮ್ಮ ಅಂತೂ ನಿಮ್ಮ ಕತ್ತಿನ ತಾಳಿ ನೋಡ್ತಾಳೆ, ತಲೆಯ ಹೂವು ನೋಡ್ತಾಳೆ. ಅದಕ್ಕೇ ಕಿವಿಯ ಓಲೆ ಕೊಟ್ಟು ಟಿವಿ ಪೆಟ್ಟಿಗೆ ತಂದ್ರಿ. ಗಂಡನ ಮುಖ ಬಂದ್ರೂ ಸರಿ, ಬರದಿದ್ರೂ ಸರಿ, ನನ್ನ ಮನೇಲಿ ಬಾಗಿಲು ಹಾಕ್ಕೊಂಡು ನೋಡ್ತೀನಿ ಅಂದ್ರಿ. ಅರ್ಥ ಆಗಲ್ಲ ಅಂದ್ಕೊಂಡ್ರಾ ನನಗೆ? ಚರ್ಚಲ್ಲಿ ಸತ್ತೋರ ಪೂಜೆ ಮಾಡಿಸೋಣ ಅಂದ್ರೆ ಹೆಣ ಸಿಕ್ಕಿಲ್ಲ. ಕಾಯೋಣ ಅಂದ್ರೆ ಒಂದು ಕಾಗದ ಇಲ್ಲ. ಹೂ ಮುಡಿದ್ರೂ ಮಾತು, ಮುಡೀದಿದ್ರೂ ಮಾತು.

ಅಳ್ತಿದ್ದೀರಾ? ಇಲ್ವಾ? ಸರಿ, ಒಳಗೆ ಹೋಗಿ. ತಿರುಗಿಸ್ತೀನಿ. ಸರಿಯಾಗಿ ತಿರುಗಿಸ್ತೀನಿ ಈ ಸಲ.

ಈ ಕಡೆ… ಈಗ? ಎರಡು. ಇನ್ನೊಂದು ಚೂರು… ಈಗ? ಎರಡು. ಬಲಕ್ಕಾ ಎಡಕ್ಕಾ, ಕಿಟಕಿಯಿಂದ ಕೈ ತೋರಿಸಿ. ಬಲಕ್ಕೆ. ಇಷ್ಟು?

ಒಂದು!

ಒಂದೇ ಏಟಾ?… ಬಂತಾ? ಚೆನ್ನಾಗಿ ಬಂತಾ? ಮುಖ ಗುರುತು ಸಿಗೋ ಹಾಗೆ? ಸೋಪಿನ ಜಾಹೀರಾತಾ? ಹಾಡು ಕೇಳಿಸ್ತಿದೆ ಸ್ವಲ್ಪ ಸ್ವಲ್ಪ… ಸರಿ. ಬಂತಲ್ಲ. ಬಂತು. ನಾನಿನ್ನು ಇಳೀಲಾ? ಇಳೀಬಾರದಾ? ಎರಡು ಏಟು ಅಂದ್ರೆ… ಕೈ ಬಿಟ್ರೆ ಹೋಗುತ್ತಾ? ಹೌದು, ಗಾಳಿಗೆ ಗಳು ತಿರುಗ್ತಿದೆ. ಹಗ್ಗ ಬಿಗಿಯೋಕೆ ಕೈ ಬಿಡಬೇಕು, ಸುದ್ದಿ ಮುಗಿಯೋವರೆಗೂ ಹಿಡ್ಕೊಂಡೇ ನಿಂತಿರ್ತೀನಿ.

ಅತ್ತಿಗೆ, ಎಂಟು ತಿಂಗಳು ಜೈಲಲ್ಲಿದ್ದೋರ ಮುಖ ಬದಲಾಗಿರುತ್ತೆ. ಗಡ್ಡ ಬೆಳೆದಿರುತ್ತೆ, ತಲೆ ಬೋಳಿಸಿರ್ತಾರೆ. ಅಣ್ಣ ಇದ್ರೂ ಗುರುತು ಸಿಗದೇ ಇರಬಹುದು. ಮತ್ತೆ ಈ ಹದಿನಾಲ್ಕೇ ಅಲ್ಲ ಅಲ್ಲಿರೋದು, ಇನ್ನೂ ಎಷ್ಟೋ ಜನ ಇದ್ದಾರಂತೆ, ಬೇರೆ ಬೇರೆ ಜೈಲಲ್ಲಿ. ಇವತ್ತು ಕಾಣಲಿಲ್ಲ ಅಂದ್ರೆ ಅದಕ್ಕೇನೂ ಅರ್ಥ ಇಲ್ಲ. ಕೇಳಿಸ್ತಾ? ಅರ್ಥ ಇಲ್ಲ!

ಯಾರದು ಬೀದೀಲಿ? ಜ್ಞಾನಮ್ಮಕ್ಕಾ, ಏನು ನೋಡ್ತೀರಿ? ಕೊಕ್ಕರೆ ಕೂತಿದೆ ಅಂದ್ಕೊಂಡ್ರಾ? ನಾನೇ, ಇನ್ನಾಸಿ! ಹೋಗಿ, ನಿಮ್ಮ ಒಣಮೀನು ಕಾಗೆ ಎತ್ಕೊಂಡು ಹೋಗ್ತಿದೆ… ಏನಂದ್ರಿ? ಇಂಥ ಮೈದುನ ಎಲ್ಲಿ ಸಿಗ್ತಾನೆ ಅಂದ್ರಾ? ಹೂಂ, ಹೂಂ. ಹೋಗಿ.

ಕೇಳಿದ್ರಾ ಅತ್ತಿಗೆ, ಊರೆಲ್ಲಾ ಹೀಗೇ ಅನ್ನುತ್ತೆ. ದಿನಾ ಬಂದ ಮೀನಲ್ಲಿ ಮೊದಲನೇ ಪಾಲು ಈ ಮನೆಗೆ, ಮಗೂಗೆ ಸ್ಲೇಟು, ಪುಸ್ತಕ, ಮಳೆಗಾಲಕ್ಕೆ ಮುಂಚೆ ತಾರಸಿಗೆ ಸುಣ್ಣ… ಅನ್ನಬೇಡಿ ಅಂತ ಹೇಳಿ ಅವರಿಗೆ. ನೀವಾದ್ರೂ ಹೇಳಿ.

ಏಟು! ಒಂದು. ಏನು, ಸುದ್ದಿ ಶುರುವಾಯ್ತಾ? ಸೀರೆ ಉಟ್ಟೋಳು ಬಂದ್ಲಾ?… ಶುರುವಾಯ್ತು. ಸರಿ. ಸರಿ.

ಮೊದಲು ಮಂತ್ರಿಗಳದ್ದು ಬರುತ್ತೆ. ಆಮೇಲೆ ನಮ್ಮೋರದ್ದು. ನೀವು ಕೂತ್ಕೊಳ್ಳಿ ಅತ್ತಿಗೆ, ನಿಂತು ನೋಡ್ಬೇಡಿ. ಹಿಡ್ಕೊಂಡಿದ್ದೀನಿ. ಅಲ್ಲಾಡಲ್ಲ.

ಅಬ್ಬ, ಚರ್ಚಿನ ಮೈಕೂ ನಿಂತಿತು. ಈಗ ನಿಮ್ಮ ತಟ್ಟೆ ಚೆನ್ನಾಗಿ ಕೇಳಿಸುತ್ತೆ. ನಮ್ಮೋರದ್ದು ಬಂತಾ? ಬಂದ್ರೆ ಒಂದು ಹೊಡೀರಿ.

ಬಂತಾ?

ಅತ್ತಿಗೆ?… ಒಂದೋ ಎರಡೋ ಹೊಡೀರಿ. ಚಿತ್ರ ಹೋಯ್ತಾ? ಹೋಗಿದ್ರೆ ಎರಡು ಹೊಡೀಬೇಕಿತ್ತಲ್ಲ. ಹೊಡೀಲಿಲ್ಲ ಅಂದ್ರೆ ಇದೆ. ಇದೆ, ನೋಡ್ತಿದ್ದೀರಿ.

ತೋರಿಸ್ತಿದ್ದಾರಾ? ಸಾಲಾಗಿ ನಿಲ್ಲಿಸಿದ್ದಾರಾ? ಎಷ್ಟನೇ ಮುಖ ಈಗ?… ಯಾಕೆ ಸುಮ್ನಿದ್ದೀರಿ? ಏನಾದ್ರೂ ಹೊಡೀರಿ ಅತ್ತಿಗೆ, ತಟ್ಟೆ ನೆಲಕ್ಕಾದ್ರೂ ಎಸೀರಿ!

ಮುಗೀತಾ? ಹದಿನಾಲ್ಕೂ ಆಯ್ತಾ?

ನೋಡಿ, ಹಾಗೆ ಒಂದೊಂದೇ ಮುಖದಲ್ಲಿ ಹುಡುಕಬೇಡಿ. ಅಷ್ಟು ಹತ್ತಿರ ಹೋಗಿ ನೋಡ್ಬೇಡಿ. ಇಲ್ಲಿಂದ ಕಾಣದಿದ್ರೂ ನನಗೆ ಗೊತ್ತು ನೀವು ಹೇಗೆ ನಿಂತಿದ್ದೀರಿ ಅಂತ. ಬಿಟ್ಟುಬಿಡಿ… ಅದರಲ್ಲಿ ಅವನಿಲ್ಲ.

ಇಲ್ಲ. ಈ ಹದಿನಾಲ್ಕರಲ್ಲೂ ಇಲ್ಲ, ಮುಂದೆ ಬಿಡೋ ಹದಿನಾಲ್ಕರಲ್ಲೂ ಇಲ್ಲ. ಹೇಗೆ ಗೊತ್ತು ಅಂತ ಕೇಳ್ತಿದ್ದೀರಿ ನೀವು. ಬಾಯಿ ಬಿಡದಿದ್ರೂ ಕೇಳಿಸ್ತಿದೆ ನನಗೆ. ಹೇಗೆ ಗೊತ್ತು ಇನ್ನಾಸಿ, ಹೇಗೆ ಗೊತ್ತು!

ಅವನನ್ನ ಯಾರೂ ಹಿಡ್ಕೊಂಡು ಹೋಗಲಿಲ್ಲ ಅತ್ತಿಗೆ. ಲಂಕೆ ಗಸ್ತಿನೋರು ಅವನನ್ನ ತಮ್ಮ ದೋಣಿಗೆ ಹತ್ತಿಸ್ಕೊಂಡ್ರು ಅಂತ ನಾನು ಹೇಳಿದ್ದು… ಅದು ನಾನು ಹೇಳಿದ್ದು. ಹಾಗೇನೂ ಆಗಲಿಲ್ಲ. ಆ ದಿನ ನಮ್ಮ ದೋಣೀಲಿ ನಾವಿಬ್ಬರೇ. ಬೆಳಗಿನ ಜಾವ ದೋಣಿ ಅಡಿಯ ಎಂಜಿನ್ ಫ್ಯಾನಿಗೆ ಬಲೆ ಸುತ್ತಿಕೊಳ್ತು. ಅಣ್ಣ ಚೂರಿ ಕಚ್ಚಿಕೊಂಡು ನೀರಿಗಿಳಿದ. ನಾನಿಳೀತೀನಿ ಅಂದೆ, ನೀನು ಚಿಕ್ಕೋನು ಸುಮ್ನಿರು ಅಂದ. ಬಲೆ ಕತ್ತರಿಸಿ ಮೇಲೆ ಎಸೆದ. ಅಷ್ಟರಲ್ಲಿ ಬೆಳಕು ಕಾಣಿಸ್ತು. ದೊಡ್ಡ ಬೆಳಕು, ನಮ್ಮ ಕಡೆಗೇ ಬರ್ತಿತ್ತು. ಗಸ್ತಿನ ದೋಣಿ ಅಂದ್ಕೊಂಡೆ. ಎಂಜಿನ್ ಹಾಕಿದೆ. ಅವನಿನ್ನೂ ನೀರಲ್ಲಿದ್ದ ಅತ್ತಿಗೆ. ಹತ್ತಿಕೊಳ್ತಾನೆ ಅಂದ್ಕೊಂಡೆ… ಇಲ್ಲ, ಅಂದ್ಕೊಳ್ಳಲಿಲ್ಲ. ಏನೂ ಅಂದ್ಕೊಳ್ಳಲಿಲ್ಲ. ಓಡಿಬಂದೆ. ಹಿಂದಿನಿಂದ ಕೂಗಿದ. ಇನ್ನಾಸೀ ಅಂತ ಎರಡು ಸಲ. ಕೇಳಿಸ್ತು. ಎರಡೂ ಸಲ ಕೇಳಿಸ್ತು ನನಗೆ.

ಬೆಳಕಾದ ಮೇಲೆ ವಾಪಸ್ ಹೋದೆ. ಮಧ್ಯಾಹ್ನದವರೆಗೂ ಸುತ್ತಿದೆ. ಏನೂ ಸಿಗಲಿಲ್ಲ. ಆ ಬೆಳಕು ಯಾರದ್ದು ಗೊತ್ತಾ? ಪಕ್ಕದೂರು ತಂಗಚ್ಚಿಮಠದೋರ ದೋಣಿ. ನಮ್ಮೋರೇ. ಗ್ಯಾಸ್ ಲೈಟು ಹಚ್ಕೊಂಡು ಮೀನಿಗೆ ಹೊರಟಿದ್ರು. ಮಾರನೇ ವಾರ ಸಂತೇಲಿ ಅವರೇ ಹೇಳಿದ್ರು, ನಮ್ಮನ್ನ ಕಂಡು ಯಾರೋ ಮೂರ್ಖ ಎದ್ದುಬಿದ್ದು ಓಡಿದ ಅಂತ. ನಗ್ತಾ ಹೇಳಿದ್ರು. ನಾನೂ ನಕ್ಕೆ.

ಬಯ್ಯಿರಿ ಅತ್ತಿಗೆ. ಕಿಟಕೀಲಿ ನಿಂತು ಊರಿಗೆಲ್ಲಾ ಕೇಳೋ ಹಾಗೆ ಬಯ್ಯಿರಿ. ಹದಿನಾಲ್ಕು ಮುಖ ನೋಡಿ ಮುಗಿಸಿದ್ರಲ್ಲ, ಇನ್ನು ಯಾಕೆ ಸುಮ್ನಿದ್ದೀರಿ?

…ಏನದು? ಚರ್ಚಿನ ಮೈಕು. ಮತ್ತೆ ಶುರುವಾಯ್ತು. ಜಪದ ನಡುವಿಂದ ಶುರುವಾಯ್ತಲ್ಲ, ಯಾಕೆ… ಅಂಗಡಿ ಬೀದಿಯ ದೀಪಾನೂ ಈಗಲೇ ಹತ್ತಿಕೊಳ್ತಿದೆ. ಎಲ್ಲಾ ಒಟ್ಟಿಗೆ.

ಕರೆಂಟ್ ಹೋಗಿತ್ತಾ?

ಅತ್ತಿಗೆ, ಇಷ್ಟು ಹೊತ್ತೂ ಕರೆಂಟ್ ಇರಲಿಲ್ವಾ? ಪರದೆ ಕಪ್ಪಾಗಿತ್ತಾ? ನೀವು ಏನೂ… ಒಂದು ಮುಖಾನೂ ನೋಡಿರಲಿಲ್ವಾ?

ಎಲ್ಲಿದ್ದೀರಿ? ಕಿಟಕಿ ಹತ್ರ ಇಲ್ವಲ್ಲ. ಬಗ್ಗಿ ನೋಡ್ತೀನಿ ತಾಳಿ… ಅಂಗಳದಲ್ಲಿ. ಯಾವಾಗ ಬಂದ್ರಿ ಅಂಗಳಕ್ಕೆ? ಕರೆಂಟ್ ಹೋಯ್ತು ಅಂತ ಹೇಳೋಕೆ ಬಂದ್ರಾ? ಬಂದೋರು ಯಾಕೆ ಹೇಳಲಿಲ್ಲ? ಎಲ್ಲಾ ಕೇಳಿಸ್ಕೊಂಡ್ರಾ ಅಲ್ಲೇ ನಿಂತು?

ಟಿವಿ ಮಾತಾಡ್ತಿದೆ ಒಳಗೆ. ಸುದ್ದಿ ಮುಗಿದಿಲ್ಲ. ಮೀನುಗಾರರು ಅಂದ್ಲು, ಕೇಳಿಸ್ತಾ? ಹೆಸರು ಓದ್ತಿದ್ದಾಳೆ. ಮುಖ ತೋರಿಸ್ತಿದ್ದಾರೆ ಅತ್ತಿಗೆ, ಬಾಗಿಲಿಂದ ಬೆಳಕು ಕಾಣ್ತಿದೆ, ಈಗಲೇ, ಈಗಲೇ ತೋರಿಸ್ತಿದ್ದಾರೆ. ನಾನು ಗಳು ಬಿಟ್ಟಿಲ್ಲ. ಚಿತ್ರ ಹೋಗಲ್ಲ. ಹೋಗಿ ನೋಡಿ.

ನೋಡಿ ಅತ್ತಿಗೆ… ನನ್ನ ಕಡೆ ಅಲ್ಲ. ಒಳಗೆ ನೋಡಿ. ಒಂದ್ಸಲ ತಿರುಗಿ ಒಳಗೆ ನೋಡಿ.